ಸೂರು, ಚಾಚು, ಸಜ್ಜಾ: ಯಾವುದು ಯಾವುದಕ್ಕೆ?

ಪ್ರಶ್ನೆ: ಹಿತ್ತಲಿನ ಮರದ ಶೆಡ್ ಕಟ್ಟುವುದು ಹೇಗೆಂಬ ಕೈಪಿಡಿಯಲ್ಲಿ “ಸೂರು 30 ಸೆಂ.ಮೀ. ಇರಲಿ” ಎಂದು ಬರೆದರೆ ಸಾಕೇ? ಗೋಡೆ ದಾಟಿ ಹೊರಬರುವ ಮಾಡಿನ ಭಾಗಕ್ಕೆ ಸೂರು, ಚಾಚು, ಸಜ್ಜಾ ಮೂರನ್ನೂ ಬಳಸುವುದುಂಟು. ಈ 30 ಸೆಂ.ಮೀ. ಪಕಾಸಿಯ (ಮಾಡನ್ನು ಹೊರುವ ಇಳಿಜಾರು ಮರದ) ಉದ್ದಕ್ಕೆ ಅಳೆದದ್ದೋ, ಗೋಡೆಯಿಂದ ಅಡ್ಡಕ್ಕೆ ಅಳೆದದ್ದೋ?

ಉತ್ತರ: ಸಜ್ಜಾವನ್ನು ಮೊದಲೇ ಬಿಟ್ಟುಬಿಡಿ. ಅದು ಕಿಟಕಿ ಬಾಗಿಲುಗಳ ಮೇಲೆ ಗೋಡೆಯಿಂದಲೇ ಹೊರಡುವ ಮರೆ, ಮಾಡಿನ ಭಾಗವಲ್ಲ. ಸೂರು ಎಂದರೆ ಇಳಿಜಾರು ಮುಗಿದು ನೀರು ತೊಟ್ಟಿಕ್ಕುವ ಅಂಚು. ತೆಲುಗಿನ ‘ಚೂರು’ ಕೂಡ ಅದೇ. ಆದರೆ “ತಲೆಯ ಮೇಲೊಂದು ಸೂರು” ಎಂದಾಗ ಇಡೀ ಮನೆಯೇ ಆಗುತ್ತದೆ. ಹಾಗಾಗಿ ಅಳತೆ ಹೇಳುವಾಗ ಬರೀ ಸೂರು ಸಾಲದು, ‘ಸೂರಿನ ಚಾಚು’ ಎನ್ನುವುದು ಒಳ್ಳೆಯದು.

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಚಾಚನ್ನು ಅಳೆಯಬೇಕಾದ್ದು ಗೋಡೆಯ ಹೊರಮೈಯಿಂದ ಅಡ್ಡಕ್ಕೆ, ಟೇಪನ್ನು ಮಟ್ಟವಾಗಿ ಹಿಡಿದು. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ 30 ಸೆಂ.ಮೀ. ಚಾಚಿಗೆ ಪಕಾಸಿಯ ಬಾಲ, ಅಂದರೆ ಗೋಡೆ ದಾಟಿದ ಭಾಗ, ಸುಮಾರು 34.6 ಸೆಂ.ಮೀ. ಉದ್ದವಿರಬೇಕು. ಓದುಗರು ಪಕಾಸಿಯ ಮೇಲೆಯೇ 30 ಅಳೆದು ಕೊಯ್ದರೆ ಸಿಗುವುದು 26 ಮಾತ್ರ. 45 ಡಿಗ್ರಿ ಇಳಿಜಾರಿನಲ್ಲಂತೂ 21ಕ್ಕೆ ಇಳಿಯುತ್ತದೆ, ಸೂರಿನ ನೀರು ಗೋಡೆಯ ಬುಡಕ್ಕೆ ಅಷ್ಟು ಹತ್ತಿರ ಬೀಳುತ್ತದೆ.

ಕೈಪಿಡಿಯಲ್ಲಿ ‘ಇಳಿತ’ ಎಂಬ ಇನ್ನೊಂದು ಪದವೂ ಬೇಕು. ಅದೇ 30 ಡಿಗ್ರಿಯಲ್ಲಿ 30 ಸೆಂ.ಮೀ. ಚಾಚಿದರೆ ಅಂಚು ಗೋಡೆಯ ಬಳಿಗಿಂತ 17 ಸೆಂ.ಮೀ. ಕೆಳಗೆ ಬರುತ್ತದೆ, 45 ಸೆಂ.ಮೀ. ಚಾಚಿದರೆ 26 ಸೆಂ.ಮೀ. ಸೂರಿನ ಕಡೆಗೇ ಹೊರಕ್ಕೆ ತೆರೆಯುವ ಬಾಗಿಲಿದ್ದರೆ ಅದರ ಮೇಲಂಚು ಪಕಾಸಿಯ ತುದಿಗೆ ತಾಗಿ ಅರ್ಧಕ್ಕೇ ನಿಲ್ಲಬಹುದು. ಗೋಡೆಯ ಎತ್ತರ ನಿರ್ಧರಿಸುವ ಮುನ್ನವೇ ಈ ಲೆಕ್ಕ ಆಗಬೇಕು.

ಗೋಡೆಯ ನೆತ್ತಿಗೆ ಹಾಸಿದ ಅಡ್ಡಮರದ ಮೇಲೆ ಪಕಾಸಿ ಕೂರಲು ಕೊಯ್ಯುವ ಜಾಗಕ್ಕೆ ‘ಕಚ್ಚು’ ಸರಿಯಾದ ಪದ. ಅದರ ಆಳ ಪಕಾಸಿಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು: 14 ಸೆಂ.ಮೀ. ಪಕಾಸಿಗೆ ನಾಲ್ಕೂವರೆ ಸೆಂ.ಮೀ. ಒಳಗೆ. ಚಾಚಿನ ಭಾರವೆಲ್ಲ ಅಲ್ಲಿ ಉಳಿದ ಮರದ ಮೇಲೆಯೇ ಬೀಳುವುದರಿಂದ, ಆಳ ಹೆಚ್ಚಾದರೆ ಕಚ್ಚಿನ ಮೂಲೆಯಿಂದ ಮರದ ಎಳೆಗುಂಟ ಸೀಳು ಬಿಡುತ್ತದೆ. ವೃತ್ತಾಕಾರದ ಯಂತ್ರಗರಗಸ ಮೂಲೆ ದಾಟಿ ಕೊಯ್ದರೂ ಅದೇ ಗತಿ. ಕೊನೆಯ ತುಸುಭಾಗವನ್ನು ಕೈಗರಗಸದಿಂದ ಮುಗಿಸಬೇಕು. ಬಾಲಗಳನ್ನು ಮೊದಲು ಉದ್ದವಾಗಿಯೇ ಬಿಟ್ಟು, ಎಲ್ಲ ಪಕಾಸಿಗಳನ್ನೂ ನಿಲ್ಲಿಸಿದ ಮೇಲೆ ಒಂದೇ ನೂಲು ಹೊಡೆದು ಕೊಯ್ದರೆ ಅಂಚು ನೇರ ಬರುತ್ತದೆ.

ಇನ್ನು ಮುಖಗೋಡೆಯ ಕಡೆ, ಅಂದರೆ ತ್ರಿಕೋನವಿರುವ ಬದಿಯಲ್ಲಿ, ಹೊರಬರುವ ಭಾಗ ಸೂರಲ್ಲ. ಅಲ್ಲಿ ನೀರು ಇಳಿಯುವುದಿಲ್ಲ, ಪಕಾಸಿಯೂ ಹೊರಕ್ಕೆ ಚಾಚುವುದಿಲ್ಲ. ಅದನ್ನು ‘ಬದಿಚಾಚು’ ಎನ್ನಬಹುದು. ಪದ ಬೇರೆ ಇದ್ದರೆ ಚೌಕಟ್ಟೂ ಬೇರೆ ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ಬದಿಚಾಚು 30 ಸೆಂ.ಮೀ.ನಷ್ಟು ಬೇಕಿದ್ದರೆ ಅದನ್ನು ಹೊರುವ ಅಡ್ಡತುಂಡುಗಳ ದಪ್ಪದಷ್ಟು ತುದಿಯ ಪಕಾಸಿಯನ್ನು ತಗ್ಗಿಸಿ, ಆ ತುಂಡುಗಳನ್ನು ಪಕಾಸಿಯ ಮೇಲಿಂದ ಹಾಯಿಸಿ ಒಳಗಿನ ಪಕಾಸಿಗೆ ಬಿಗಿಯಬೇಕು. ಹೊರಗಿರುವುದರ ಎರಡರಷ್ಟಾದರೂ, ಅಂದರೆ 60 ಸೆಂ.ಮೀ., ಒಳಗಿರಲಿ. ತುದಿಯ ಪಕಾಸಿಗೆ ಬರೀ ಮೊಳೆ ಹೊಡೆದು ತೂಗಿಬಿಟ್ಟರೆ ಕ್ರಮೇಣ ಜೋಲುತ್ತದೆ, ಗಾಳಿ ಅಡಿಯಿಂದ ನೂಕಿದಾಗ ಮೊಳೆ ಸಮೇತ ಕಿತ್ತು ಬರುತ್ತದೆ.