ಹಬ್ಬದ ಸೀಸನ್ನಿಗೆ ಸ್ಮಾರ್ಟ್‌ವಾಚ್ ಬೆಲ್ಟ್: ಯಾವ ಸ್ಟಾಕ್, ಫೋಟೋ ಹೇಗೆ?

ಡೊಂಬಿವಲಿ ಅಂಗಡಿ:
ನಮಸ್ಕಾರ. ನಮ್ಮದು ಸಣ್ಣ ಮೊಬೈಲ್ ಅಂಗಡಿ. ಈಗೀಗ ಗಿರಾಕಿಗಳು ಬ್ಯಾಟರಿ ಎಷ್ಟು ಬರುತ್ತದೆ ಅನ್ನುವುದಕ್ಕಿಂತ "ಈ ಸೀರೆಗೆ ಹೊಂದುತ್ತದಾ" ಎಂದೇ ಕೇಳುತ್ತಾರೆ. ಗಣಪತಿ ಹಬ್ಬಕ್ಕೆ ಯಾವ ಬೆಲ್ಟ್ ತರಿಸಲಿ? ಇನ್‌ಸ್ಟಾಗ್ರಾಂಗೆ ಫೋಟೋ ತೆಗೆದರೆ ವಾಚಿನ ಸ್ಕ್ರೀನ್ ಮೇಲೆ ಗೆರೆ ಬರುತ್ತವೆ.

ಪುಣೆ ವಾಚ್ ರಿಪೇರಿ:
ಮೊದಲು ಅಳತೆ ನೋಡ್ರಿ. ಬೆಲ್ಟ್ ಕೂಡೋ ಜಾಗದ ಅಗಲ ಕ್ಯಾಲಿಪರ್ (ಮಿಮೀ ಅಳಿಯೋ ಸಾಧನ) ಹಿಡಿದು ಅಳೀಬೇಕು. 20 ಮತ್ತು 22 ಮಿಮೀ ಹೆಚ್ಚು ಓಡ್ತಾವು. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4, 5, 6ಕ್ಕ 20 ಮಿಮೀ. ಆಪಲ್‌ದು ಬ್ಯಾರೆ, ಅಲ್ಲಿ ನಂಬರ್ ಬೆಲ್ಟಿಂದಲ್ಲ, ವಾಚಿನ ಕೇಸಿನ ಎತ್ತರ (ಮಿಮೀ): 38, 40, 41ಕ್ಕ ಒಂದ ಬೆಲ್ಟ್, 44, 45, 49ಕ್ಕ ಇನ್ನೊಂದು. 42 ಅಂದ್ರ ಯಾವ ಸೀರೀಸ್ ಅಂತ ಕೇಳ್ರಿ. ಹಳೇ 42 ದೊಡ್ಡ ಗುಂಪಿಗೆ, ಸೀರೀಸ್ 10ರ 42 ಸಣ್ಣ ಗುಂಪಿಗೆ ಸೇರ್ತದ. ವಾಪಸ್ ಬರೋ ಮಾಲು ಇಲ್ಲೇ ಹುಟ್ಟೋದು.

ಮುಂಬೈ ಮಳಿಗಾಲದಾಗ ಚರ್ಮದ ಬೆಲ್ಟ್ ಕಡಿಮಿ ತರಸ್ರಿ, ಬೂಷ್ಟು ಹಿಡೀತದ. ರೇಷ್ಮಿ ಸೀರಿಗೆ ಬಂಗಾರ ಬಣ್ಣದ ಸ್ಟೀಲ್ ಜಾಳಿಗಿ ಬೆಲ್ಟ್ ಛಲೋ ಕಾಣ್ತದ. ಆದ್ರ ಅಗ್ಗದ ಲೇಪದೊಳಗ ನಿಕಲ್ ಇದ್ರ ಬೆವರಿಗೆ ಬಿಟ್ಟು ತುರಿಕಿ ಬರ್ತದ. 316ಎಲ್ ಅನ್ನೋ ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಕೇಳ್ರಿ.

ಮಾಟುಂಗಾ ಫೋಟೋ:
ಓಎಲ್‌ಇಡಿ ಸ್ಕ್ರೀನ್ ಕಣ್ಣಿಗೆ ಕಾಣದ ವೇಗದಲ್ಲಿ ಹೊತ್ತಿ ಆರುತ್ತಿರುತ್ತದೆ. ಕ್ಯಾಮೆರಾದ ಶಟರ್ (ಬೆಳಕು ಒಳಗೆ ಬಿಡುವ ಸಮಯ) ಅದಕ್ಕಿಂತ ಚುರುಕಾದರೆ ಗೆರೆ ಬೀಳುತ್ತವೆ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಬಗೆ) ಶಟರ್ 1/50 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100 ಇಟ್ಟು, ಫೋನನ್ನು ಸ್ಟ್ಯಾಂಡಿಗೆ ಹಾಕಿ. 1/50 ಇದ್ದರೆ ನಮ್ಮ 50 ಹರ್ಟ್ಜ್ ಕರೆಂಟಿನ ಬಲ್ಬಿನ ಮಿನುಗೂ ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ಗಾಜಿನಲ್ಲಿ ಪ್ರತಿಬಿಂಬ ಬಿದ್ದರೆ ಎದುರಿಗೆ ಕಪ್ಪು ಬಟ್ಟೆ ಹಿಡಿಯಿರಿ.

ಡಬ್ಬಿಯ ಫೋಟೋ ಬೇಡವೇ ಬೇಡ. ಇಳಕಲ್ ಸೆರಗು, ಬಳೆ, ಪಕ್ಕದಲ್ಲಿ ವಾಚು, ಹೀಗೆ ಕೈಯನ್ನೇ ತೋರಿಸಿ. ಗ್ಯಾಜೆಟ್ಟನ್ನು ಉಡುಗೆಯ ಹಾಗೆ ತೋರಿಸುವುದು ಹೊಸದಲ್ಲ. ನೋಕಿಯಾ 8210 ಫೋನನ್ನು 1999ರಲ್ಲಿ ಬಿಡುಗಡೆ ಮಾಡಿದ್ದೇ ಪ್ಯಾರಿಸ್ ಫ್ಯಾಷನ್ ವೀಕಿನಲ್ಲಿ. 2003ರ ಐಪಾಡ್ ಜಾಹೀರಾತಿನಲ್ಲಿ ಕುಣಿಯುವವರು ಬರೀ ಕಪ್ಪು ನೆರಳು, ಎದ್ದು ಕಂಡದ್ದು ಬಿಳಿ ಐಪಾಡ್ ಮತ್ತು ವೈರು. ಆಮೇಲೆ ರಸ್ತೆಯಲ್ಲಿ ಬಿಳಿ ವೈರು ಕಂಡರೆ ಸಾಕು, ಜೇಬಿನಲ್ಲಿ ಏನಿದೆ ಎಂದು ಜನಕ್ಕೆ ಗೊತ್ತಾಗುತ್ತಿತ್ತು. ನೀವೂ ಪ್ರತಿ ಪೋಸ್ಟಿನಲ್ಲಿ ಒಂದೇ ಹಿನ್ನೆಲೆ ಬಣ್ಣ ಬಳಸಿ.

ಠಾಣೆ ಹೋಲ್‌ಸೇಲ್:
ದೊಡ್ಡ ಬ್ರ್ಯಾಂಡಿನ ಲೋಗೋ ಒತ್ತಿದ ನಕಲಿ ಬೆಲ್ಟ್ ಮುಟ್ಟಲೇಬೇಡಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. "ಆಪಲ್ ವಾಚಿಗೆ ಹೊಂದುತ್ತದೆ" ಎಂದು ಬರೆಯಬಹುದು, "ಆಪಲ್ ಬೆಲ್ಟ್" ಎಂದು ಬರೆಯಬಾರದು. ರೀಲ್ಸ್ ಮಾಡುವವರಿಗೆ ಬೆಲ್ಟ್ ಪುಕ್ಕಟೆ ಕೊಟ್ಟು ತೋರಿಸಿದರೆ ಅದೂ ಜಾಹೀರಾತೇ. "ಜಾಹೀರಾತು" ಎಂಬ ಲೇಬಲ್ ಕಣ್ಣಿಗೆ ಬೀಳುವ ಹಾಗೆ ಹಾಕಿಸಿ.