ಮೌಸ್ ಅಲುಗಾಡಿಸಿದರೆ ಹೆಡ್‌ಫೋನ್‌ನಲ್ಲಿ ಕಿರ್ ಕಿರ್. ಡ್ಯಾಕ್ ಬದಲಿಸಬೇಕಾ?

ತೀರ್ಥಳ್ಳಿ_ಮಾಣಿ:
ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಮನೆಯಲ್ಲೇ ಎಡಿಟ್ ಮಾಡುತ್ತೇನೆ. ಡೆಸ್ಕ್‌ಟಾಪ್‌ನಿಂದ ಯುಎಸ್‌ಬಿಯಲ್ಲಿ ಡ್ಯಾಕ್ (ಡಿಜಿಟಲ್ ಸಿಗ್ನಲ್ ಅನ್ನು ಅನಲಾಗ್ ಮಾಡುವ ಡಬ್ಬಿ), ಅಲ್ಲಿಂದ ಆರ್‌ಸಿಎ ಕೇಬಲ್‌ನಲ್ಲಿ ಹೆಡ್‌ಫೋನ್ ಆಂಪ್, ಆಂಪ್‌ನ ಹಿಂದಿನಿಂದ ಒಂದು ಜೊತೆ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರುವಂಥದ್ದು). ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600.

ತೊಂದರೆ ಮೂರು. ಮೌಸ್ ಓಡಾಡಿಸಿದರೆ, ದೊಡ್ಡ ಫೈಲ್ ತೆರೆದರೆ ಹೆಡ್‌ಫೋನ್‌ನಲ್ಲಿ ಸಣ್ಣಗೆ ಕಿರ್ ಅನ್ನುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಬೇರೆಯೇ ಥರ ಜೋರಾಗಿ ಗುಂಯ್ ಅನ್ನುತ್ತದೆ, ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ರಾತ್ರಿ ಸೌಂಡ್ ತೀರಾ ಕಡಿಮೆ ಇಟ್ಟರೆ ಎಡ ಕಿವಿಗೆ ಸ್ವಲ್ಪ ಕಮ್ಮಿ ಕೇಳುತ್ತದೆ. ಡ್ಯಾಕ್, ಆಂಪ್ ಎರಡನ್ನೂ ಮಾರಿ, ಅವೆರಡೂ ಒಂದರಲ್ಲೇ ಇರುವ ಫಿಯೋ ಕೆ7 ತಗೊಳ್ಳೋಣ ಅಂತ ಇದ್ದೇನೆ. ಸರಿಹೋಗುತ್ತಾ?

ಹೊಸನಗರ_ಹೈಫೈ:
ಕಣ್ಣು ಮುಚ್ಚಿ ಕೆ7 ತಗೊಳ್ಳಿ. ಒಳಗೆ ಎರಡು ಎಕೆ4493 ಡ್ಯಾಕ್ ಚಿಪ್, ಟಿಎಚ್‌ಎಕ್ಸ್ ಆಂಪ್, 4.4 ಎಂಎಂ ಬ್ಯಾಲೆನ್ಸ್ಡ್ ಔಟ್ (ಎಡ, ಬಲ ಕಿವಿಗೆ ಬೇರೆ ಬೇರೆ ಜೋಡಿ ತಂತಿ) ಬೇರೆ. ಬ್ಯಾಲೆನ್ಸ್ಡ್‌ಗೆ ಹೋದರೆ ಗಲಾಟೆ ಎಲ್ಲಾ ನಿಲ್ಲುತ್ತದೆ.

ಸಾಗರ_ಸರ್ಕ್ಯೂಟ್:
ನಿಲ್ಲೋದಿಲ್ಲ ಮಾರಾಯ್ರೇ. ಬ್ಯಾಲೆನ್ಸ್ಡ್ ಹೆಡ್‌ಫೋನ್ ಔಟ್‌ನಿಂದ ಪವರ್ ಜಾಸ್ತಿ ಸಿಗುತ್ತದೆ, ಅಷ್ಟೇ. ಆಂಪ್‌ಗೆ ಬರುವ ಮೊದಲೇ ಸಿಗ್ನಲ್‌ಗೆ ಸೇರಿಕೊಂಡ ಕಿರ್ ಕಿರ್ ಅನ್ನು ಅದು ಎಲ್ಲಿಂದ ತೆಗೆಯುತ್ತದೆ? ಚಿಪ್ ಹೆಸರು ನೋಡಿ ದುಡ್ಡು ಹಾಕುವುದೂ ಈಗ ಸುಮ್ನೆ. ಸರಿಯಾಗಿ ಮಾಡಿದ ಯಾವ ಡ್ಯಾಕ್ ಆದರೂ ಕಿವಿಗೆ ಕೇಳದಷ್ಟು ಸ್ವಚ್ಛ ಇರುತ್ತದೆ.

ಮಾಣಿಯವರೇ, ಮೊದಲು ಆಂಪ್‌ನಿಂದ ಸ್ಪೀಕರ್‌ಗೆ ಹೋಗುವ ಆರ್‌ಸಿಎ ಕಿತ್ತು ನೋಡಿ. ಕಂಪ್ಯೂಟರ್‌ಗೂ ಮೂರು ಪಿನ್, ಸ್ಪೀಕರ್‌ಗೂ ಮೂರು ಪಿನ್ ಇದ್ದರೆ ಎರಡೂ ಗೋಡೆಯ ಅರ್ತಿಂಗ್‌ಗೆ ಸೇರುತ್ತವೆ, ಇತ್ತ ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲ್‌ಗಳ ಹೊರ ತಂತಿಯಲ್ಲೂ ಸೇರುತ್ತವೆ, ಹೀಗೆ ಒಂದು ಸುತ್ತು ಪೂರ್ತಿಯಾಗುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಕಂಪ್ಯೂಟರ್ ಒಳಗಿನ ಗಲಾಟೆ ಆ ದಾರಿಯಲ್ಲಿ ಹರಿಯುವಾಗ ಡ್ಯಾಕ್ ಮತ್ತು ಆಂಪ್ ನಡುವಿನ ಗ್ರೌಂಡ್ ತಂತಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಆಂಪ್ ಅದನ್ನೂ ಹಾಡು ಅಂತಲೇ ತಿಳಿದು ದೊಡ್ಡದು ಮಾಡುತ್ತದೆ.

ಸ್ಪೀಕರ್ ತೆಗೆದ ಕೂಡಲೇ ನಿಂತರೆ ಅದೇ ಕಾರಣ. ಮದರ್‌ಬೋರ್ಡ್‌ನಲ್ಲಿ ಆಪ್ಟಿಕಲ್ ಔಟ್ ಇದೆಯಾ ನೋಡಿ. ಆ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ದಾಟುವುದಿಲ್ಲ, ಸುತ್ತು ಅಲ್ಲೇ ಕಡಿಯುತ್ತದೆ. 24 ಬಿಟ್ 96 ಕಿಲೋಹರ್ಟ್ಸ್ ಆರಾಮಾಗಿ ಹೋಗುತ್ತದೆ. ಆದರೆ ಯುಎಸ್‌ಬಿ ಕಿತ್ತ ಮೇಲೆ ಡ್ಯಾಕ್‌ಗೆ ಪವರ್ ಬೇಕಲ್ವಾ, ಎರಡು ಪಿನ್‌ನ ಫೋನ್ ಚಾರ್ಜರ್‌ನಿಂದ ಕೊಡಿ. ಆಪ್ಟಿಕಲ್ ಇಲ್ಲದಿದ್ದರೆ ಕರೆಂಟ್‌ನ ಸಂಪರ್ಕ ಕಡಿದು ಡೇಟಾ ಮಾತ್ರ ದಾಟಿಸುವ ಯುಎಸ್‌ಬಿ ಐಸೊಲೇಟರ್ ಸಿಗುತ್ತದೆ, ಆದರೆ ಅಗ್ಗದವು ಹೆಚ್ಚಾಗಿ ಸೆಕೆಂಡಿಗೆ 12 ಮೆಗಾಬಿಟ್ ವೇಗದವು, 480 ಕೇಳುವ ಡ್ಯಾಕ್ ಅದರಲ್ಲಿ ಎದ್ದೇಳದೆಯೂ ಇರಬಹುದು.

ಇನ್ನೊಂದು: ಸ್ಪೀಕರ್‌ನ ಅರ್ತ್ ಪಿನ್ ಮುರಿದರೆ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ಎಂತದ್ದಾದರೂ ಶಾರ್ಟ್ ಆದ ದಿನ ಸ್ಪೀಕರ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಕೊಪ್ಪ_ಕೇಳುಗ:
ಇನ್ವರ್ಟರ್ ಸದ್ದು ಬೇರೆ ಕಾಯಿಲೆ. ಆಂಪ್‌ನ ಅಡಾಪ್ಟರ್ ಎತ್ತಿ ನೋಡಿ. ಭಾರ ಇದ್ದು, ಔಟ್‌ಪುಟ್ ಎಸಿ ಅಂತ ಬರೆದಿದ್ದರೆ ಒಳಗಿರುವುದು ಟ್ರಾನ್ಸ್‌ಫಾರ್ಮರ್. ಸ್ಕ್ವೇರ್ ವೇವ್ ಇನ್ವರ್ಟರ್‌ನ ಕರೆಂಟ್‌ನಲ್ಲಿ 50 ಹರ್ಟ್ಸ್ ಜೊತೆಗೆ 150, 250 ಅಂತ ಮೇಲಿನವೂ ತುಂಬಿರುತ್ತವೆ, ಅದೇ ಗುಂಯ್. ಸೈನ್ ವೇವ್ ಇನ್ವರ್ಟರ್ ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ. ಎಸಿ ಅಡಾಪ್ಟರ್ ಬದಲಿಗೆ ಕೈಗೆ ಸಿಕ್ಕಿದ ಡಿಸಿ ಅಡಾಪ್ಟರ್ ಚುಚ್ಚಬೇಡಿ, ಆಂಪ್ ಹೋದರೂ ಹೋಯಿತು.

ಎಡ ಕಿವಿಯದ್ದು ವಾಲ್ಯೂಮ್ ಪಾಟ್‌ನ ಗುಣ. ತಿರುಗಿಸುವ ನಾಬ್ ತೀರಾ ಕೆಳಗಿದ್ದಾಗ ಎರಡು ಚಾನೆಲ್ ಸಮ ಇರುವುದಿಲ್ಲ. ಆಂಪ್‌ನ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನುವ ಸೆಟ್ಟಿಂಗ್) ಲೋ ಮಾಡಿ, ಇಲ್ಲವೇ ಕಂಪ್ಯೂಟರ್‌ನಲ್ಲೇ 10 ಡೆಸಿಬಲ್ ಇಳಿಸಿ, ನಾಬ್ ಮೇಲೆ ತಿರುಗಿಸಿ. 24 ಬಿಟ್‌ನಲ್ಲಿ ಇಷ್ಟು ಇಳಿಸಿದರೆ ಏನೂ ನಷ್ಟವಿಲ್ಲ. ನಿಮ್ಮ ಎಚ್‌ಡಿ 600 ಹೆಡ್‌ಫೋನ್ 300 ಓಮ್‌ದು, ವೋಲ್ಟೇಜ್ ಕೇಳುತ್ತದೆ ನಿಜ, ಆದರೆ ಒಂದು ವೋಲ್ಟ್‌ಗೇ 100 ಡೆಸಿಬಲ್ ಮುಟ್ಟುತ್ತದೆ. ರಾತ್ರಿ ಕೇಳಲು ಹೈ ಗೇನ್ ಯಾಕೆ?

ತೀರ್ಥಳ್ಳಿ_ಮಾಣಿ:
ಸ್ಪೀಕರ್ ಕೇಬಲ್ ಕಿತ್ತೆ, ಕಿರ್ ಕಿರ್ ಪೂರ್ತಿ ನಿಂತಿತು! ಬೋರ್ಡ್‌ನಲ್ಲೂ ಡ್ಯಾಕ್‌ನಲ್ಲೂ ಆಪ್ಟಿಕಲ್ ಇದೆ, ಶಿವಮೊಗ್ಗಕ್ಕೆ ಹೋದಾಗ ಕೇಬಲ್ ತರುತ್ತೇನೆ. ಗೇನ್ ಲೋ ಮಾಡಿದ ಮೇಲೆ ಚಂಡೆ ಎರಡೂ ಕಿವಿಗೆ ಸಮ. ಅಡಾಪ್ಟರ್ ಮೇಲೆ ಎಸಿ ಅಂತಲೇ ಇದೆ. ಇನ್ವರ್ಟರ್ ಬದಲಿಸಲು ಮನೆಯಲ್ಲಿ ಒಪ್ಪಬೇಕು, ಅದು ಆಂಪ್‌ಗಿಂತ ಕಷ್ಟ.

ಹೊಸನಗರ_ಹೈಫೈ:
ಆದರೂ ಕೆ7ನಲ್ಲಿ ಎರಡರ ಬದಲು ಒಂದೇ ಡಬ್ಬಿ ಆಗುತ್ತಿತ್ತು, ಮೇಜು ಖಾಲಿ.

ಸಾಗರ_ಸರ್ಕ್ಯೂಟ್:
ಮೇಜು ಖಾಲಿಯಾಗಲಿ ಅಂತ ತಗೊಂಡರೆ ನನ್ನ ತಕರಾರಿಲ್ಲ. ಯುಎಸ್‌ಬಿಯಲ್ಲೇ ಹಾಕಿ, ಹಿಂದೆ ಅದೇ ಸ್ಪೀಕರ್ ಕೊಟ್ಟರೆ ಲೂಪ್ ಹಾಗೇ ಇರುತ್ತದೆ, ಅಷ್ಟು ನೆನಪಿರಲಿ. ಮಾಣಿಯವರೇ, ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿ ಕೂರಬೇಡಿ, ಪ್ಲಗ್ಗೇ ಕೀಳಿ. ಇಂಟರ್ನೆಟ್‌ನ ಲ್ಯಾನ್ ಕೇಬಲ್ಲನ್ನೂ ಕೀಳಿ, ನಮ್ಮ ಕಡೆ ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.