ಸಹಾಯ ಬೇಕು: ಅಣ್ಣನ ಕಾಯಿಲೆ, ಸಂಬಂಧದಲ್ಲೇ ಮದುವೆ, ಯಾರನ್ನ ಕೇಳಬೇಕು?

ನಮಸ್ಕಾರ ರೀ ಎಲ್ಲರಿಗೂ, ಗದಗದಿಂದ ಬರೀತಿದ್ದೇನೆ. ನಮ್ಮ ಅಣ್ಣನಿಗೆ ಆರು ವರ್ಷದಿಂದ ಸ್ಕಿಜೋಫ್ರೇನಿಯಾ (ಇಲ್ಲದ್ದು ಕೇಳಿಸೋ, ಭ್ರಮೆ ಆಗೋ ಮಾನಸಿಕ ಕಾಯಿಲೆ) ಇದೆ. ಮಾತ್ರೆ ತಪ್ಪಿಸಲ್ಲ, ಈಗ ಕಿರಾಣಿ ಅಂಗಡಿಯಲ್ಲಿ ಕೂತು ಉದ್ರಿ ಲೆಕ್ಕ ಬರೀತಾನೆ, ನನಗಿಂತ ಚಲೋ ಬರೀತಾನೆ. ಸೋದರಮಾವನಿಗೂ ಇದೇ ಕಾಯಿಲೆ ಇತ್ತು. ಈಗ ಆ ಮಾವನ ಮಗನಿಗೇ ನನ್ನನ್ನು ಕೇಳ್ತಿದ್ದಾರೆ. ಸಂಬಂಧದಲ್ಲೇ ಆಗಲಿ ಅಂತ ಅಜ್ಜಿಯ ಹಟ.

ಹೋದ ವಾರ ಧಾರವಾಡಕ್ಕೆ ತಪಾಸಣೆಗೆ ಹೋದಾಗ, ಸಂಶೋಧನೆಗೆ ಮನೆಯವರೆಲ್ಲ ರಕ್ತ ಕೊಡ್ತೀರಾ ಅಂತ ಕೇಳಿದರು. ಅವ್ವ ಸಹಿ ಹಾಕೋಕೆ ಪೆನ್ನು ತೆಗೆದೇಬಿಟ್ಟಿದ್ದಳು, ನಾನೇ ತಡೆದೆ, ಯಾಕಂದ್ರೆ ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ ಯಾರಿಗೂ ಅವರವರ ವರದಿ ಕೊಡುವುದಿಲ್ಲ ಅಂತ ಇತ್ತು. ಹಂಗಾದ್ರೆ ಈ ಮದುವೆ ಆದ್ರೆ ಮಕ್ಕಳಿಗೂ ಬರುತ್ತಾ ಅನ್ನೋ ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲ್ಲ, ಅಲ್ವಾ?

ಡಾಕ್ಟರ್ ಹೇಳಿದ್ದು ಇಷ್ಟು. ಸಾಮಾನ್ಯವಾಗಿ 100 ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ, ಒಡಹುಟ್ಟಿದವರಿಗೆ ಇದ್ರೆ 100ರಲ್ಲಿ 10 ಜನರ ಹತ್ತಿರ. ಒಂದೇ ಜೀನ್‌ನಿಂದ ಬರೋದಲ್ಲ, 2022ರ ದೊಡ್ಡ ಅಧ್ಯಯನದಲ್ಲಿ ಜೀನೋಮ್‌ನಲ್ಲಿ (ನಮ್ಮ ಪೂರ್ತಿ ಡಿಎನ್‌ಎಯಲ್ಲಿ) ಈ ಕಾಯಿಲೆಗೆ ನಂಟಿರೋ 287 ಜಾಗ ಸಿಕ್ಕಿವೆಯಂತೆ. ಬರುತ್ತೋ ಇಲ್ಲವೋ ಅಂತ ಖಾತ್ರಿ ಹೇಳೋ ರಕ್ತ ಪರೀಕ್ಷೆ ಇಲ್ಲ. ಅಷ್ಟು ತಿಳೀತು. ಆದ್ರೆ ಗಂಡು ಹೆಣ್ಣು ಎರಡೂ ಕಡೆ ಇದೇ ಕಾಯಿಲೆ, ಮೇಲೆ ರಕ್ತಸಂಬಂಧ, ಹಂಗಿದ್ದಾಗ ಮಕ್ಕಳಿಗೆ ಎಷ್ಟು ಅಪಾಯ ಅನ್ನೋದೇ ನನಗೆ ಸಿಕ್ಕುಬಿದ್ದಿರೋ ಗಂಟು. ಗೂಗಲ್ ನೋಡಿ ನಿದ್ದೆ ಹೋಯ್ತು ಅಷ್ಟೇ.

ಇಂಥದ್ದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ (ಕಾಯಿಲೆ ವಂಶದಲ್ಲಿ ಬರೋ ಅಪಾಯದ ಬಗ್ಗೆ ಸಲಹೆ) ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿಸಿದವರು ಇದ್ದೀರಾ, ಇಲ್ಲ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ? ಹೋಗುವಾಗ ಇಬ್ಬರ ಮನೆಯ ಯಾವ ಕಾಗದ ಒಯ್ಯಬೇಕು?